ವಜ್ರಕಾಯನ ಹಿತ್ತಾಳೆ ಫಲಕ

ನನ್ನ ತಮ್ಮನಿಗೆ ಚಿಕ್ಕಂದಿನಲ್ಲಿ ನಾವಿಟ್ಟ ಹೆಸರು ವಜ್ರಕಾಯ. ಪ್ರೀತಿಯಿಂದ ಇಟ್ಟದ್ದಲ್ಲ, ಹೊಟ್ಟೆಕಿಚ್ಚಿನಿಂದ. ಶಾಲೆಯಲ್ಲಿ ಯಾವ ಹುಡುಗನಿಗೆ ನೆಗಡಿಯಾದರೂ ಅದು ಇವನ ಹೆಗಲೇರಿ ಮನೆಗೆ ಬರುತ್ತಿತ್ತು. ಬಂದು ಇವನೊಬ್ಬನನ್ನು ಬಿಟ್ಟು ನಮ್ಮೆಲ್ಲರನ್ನೂ ಸಾಲಾಗಿ ಮಲಗಿಸುತ್ತಿತ್ತು. ನಾವು ಕಂಬಳಿಯೊಳಗೆ ನಡುಗುತ್ತಿದ್ದರೆ ಇವನು ಬಾಗಿಲಲ್ಲಿ ನಿಂತು "ನಂಗೇನೂ ಆಗಲ್ಲಪ್ಪ" ಎನ್ನುತ್ತಿದ್ದ. "ನಿಂಗೇನೂ ಆಗಲ್ಲ ಕಣೋ, ನಿನ್ನಿಂದ ಆಗತ್ತೆ" ಎಂದು ಅಮ್ಮ ಬಯ್ಯುತ್ತಿದ್ದಳು. ಅವನು ಅದನ್ನೂ ಹೊಗಳಿಕೆಯ ಲೆಕ್ಕಕ್ಕೆ ಸೇರಿಸಿಕೊಂಡ. ತಲೆ ನರೆತು, ಮೂಗಿನ ಮೇಲೆ ಕನ್ನಡಕ ಏರಿದ ಮೇಲೂ ಆ ಲೆಕ್ಕ ತಿದ್ದಿರಲಿಲ್ಲ.

ಅವನ ಕಸುಬು ಕೆತ್ತನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಹಾಕುವ ನಾಮಫಲಕ, ಆಟದಲ್ಲಿ ಗೆದ್ದವರಿಗೆ ಕೊಡುವ ಪದಕ, ಸಮಾಧಿಗೆ ಕೂರಿಸುವ ಕಲ್ಲು, ಯಾರು ಏನು ತಂದರೂ ಅದರ ಮೇಲೆ ಅಕ್ಷರ ಕೊರೆದು ಕೊಡುತ್ತಾನೆ. ಮೊದಲು ಉಳಿಯಲ್ಲಿ ಕೊರೆಯುತ್ತಿದ್ದ; ಈಗ ಕಂಪ್ಯೂಟರ್ ಹೇಳಿದಂತೆ ಯಂತ್ರ ಕೊರೆಯುತ್ತದೆ, ಇವನು ಪಕ್ಕದಲ್ಲಿ ನಿಂತು ಮೇಲ್ವಿಚಾರಣೆ ಮಾಡುತ್ತಾನೆ. ಕೋಣೆಯ ಮೂಲೆ ಮೂಲೆಯಲ್ಲೂ ಹಿತ್ತಾಳೆಯ ಸಣ್ಣ ಸುರುಳಿ ಚೂರುಗಳು. ಮಹಡಿಯ ಮೇಲಿನ ನನ್ನ ಕೋಣೆಯ ಚಾಪೆಯಲ್ಲೂ ಒಮ್ಮೊಮ್ಮೆ ಕಾಲಿಗೆ ಚುಚ್ಚುತ್ತವೆ.

ಈ ಕಸುಬಿನಲ್ಲಿ ತಪ್ಪಿಗೆ ರಬ್ಬರ್ ಇಲ್ಲ. ಕಾಗದದ ತಪ್ಪನ್ನು ಅಳಿಸಬಹುದು, ಕಲ್ಲಿನದನ್ನು ಆಗದು. ಹಾಗಾಗಿ ಗಂಡಹೆಂಡಿರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಕೊರೆಯುವ ಮೊದಲು ಪ್ರತಿ ಪದವನ್ನೂ ಕೊನೆಯಿಂದ ಓದುವುದು. ಹೆಂಡತಿ ಹಿಂದಿನ ಕೋಣೆಯಲ್ಲಿ ತನ್ನ ಕಂಪ್ಯೂಟರಿನ ಮುಂದೆ ಕೂತು "ನ, ಮಾ, ಹು, ಬ" ಎಂದು ಕೂಗುತ್ತಾಳೆ. ಇವನು ಮುಂದಿನ ಕೋಣೆಯಲ್ಲಿ ತನ್ನ ಪರದೆಯ ಮೇಲೆ ಬೆರಳಿಟ್ಟು "ನ, ಮಾ, ಹು, ಬ" ಎಂದು ಒಪ್ಪಿಸುತ್ತಾನೆ. ಬಹುಮಾನ ಎಂದು ಮುಂದಿನಿಂದ ಓದಿದರೆ ಕಣ್ಣು ಅರ್ಧ ನೋಡಿ ಉಳಿದರ್ಧವನ್ನು ಊಹಿಸಿಕೊಳ್ಳುತ್ತದೆ. ಹಿಂದಿನಿಂದ ಓದಿದರೆ ಊಹೆಗೆ ಜಾಗವಿಲ್ಲ. ಹೊಸಬರು ಕೇಳಿದರೆ ಮನೆಯಲ್ಲಿ ಏನೋ ಮಾಟ ನಡೆಯುತ್ತಿದೆ ಎಂದುಕೊಳ್ಳಬೇಕು. ಪದ್ಧತಿ ಮಾತ್ರ ಒಳ್ಳೆಯದು. ಅಕ್ಷರದ ವಿಷಯದಲ್ಲಿ ಇಷ್ಟು ಅನುಮಾನವಿಟ್ಟುಕೊಂಡ ಮನುಷ್ಯ ಆ ಅಕ್ಷರ ತುಂಬಿದ ಕಂಪ್ಯೂಟರಿನ ವಿಷಯದಲ್ಲಿ ಒಂದು ಕಾಳಿನಷ್ಟೂ ಅನುಮಾನ ಇಟ್ಟುಕೊಂಡಿರಲಿಲ್ಲ ಎಂಬುದೇ ಸೋಜಿಗ.

ಅವನ ಕಂಪ್ಯೂಟರ್ ಎಲ್ಲರ ಮನೆಯಲ್ಲಿ ಇರುವಂಥದ್ದಲ್ಲ. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಅಪರೂಪದ್ದು. ಈ ಬೀದಿಯಲ್ಲಿ ಅದನ್ನು ಬಳಸುವವನು ಇವನೊಬ್ಬನೇ. ಕೊರೆಯುವ ಯಂತ್ರ ಮಾರಿದವನು ಹಾಕಿಕೊಟ್ಟು ಹೋಗುವಾಗ "ಇದಕ್ಕೆ ವೈರಸ್ ಕಾಟ ಕಡಿಮೆ" ಎಂದನಂತೆ. ಆ "ಕಡಿಮೆ" ವಾರ ಕಳೆಯುವಷ್ಟರಲ್ಲಿ "ಇಲ್ಲ" ಆಯಿತು. ತಿಂಗಳು ಕಳೆಯುವಷ್ಟರಲ್ಲಿ ಇವನು ಒಂದು ಹಿತ್ತಾಳೆ ಫಲಕ ಮಾಡಿ, ಅಂಚಿಗೆ ಬಳ್ಳಿ ಬಿಡಿಸಿ, ಕಂಪ್ಯೂಟರಿನ ಮೇಲಿನ ಗೋಡೆಗೆ ತಿರುಪು ಹಾಕಿ ಕೂರಿಸಿದ್ದ: ಇಲ್ಲಿ ವೈರಸ್ ಬರುವುದಿಲ್ಲ.

"ಕಳ್ಳ ಯಾವಾಗ್ಲೂ ದೊಡ್ಡ ಬೀದಿಗೆ ಹೋಗ್ತಾನೆ ಅಕ್ಕ," ಎಂದು ನನಗೆ ಪಾಠ ಹೇಳಿದ. "ನಮ್ಮ ಸಂದಿಗೆ ಬಂದು ಅವನಿಗೇನು ಸಿಗತ್ತೆ?"

"ಬೀಗ ಹಾಕದ ಮನೆ ಸಿಗತ್ತೆ," ಎಂದೆ.

"ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡು."

ಆ ಕಂಪ್ಯೂಟರಿಗೆ ಆಗಾಗ ಬರುವ ಅಪ್ಡೇಟ್‌ಗಳನ್ನು ಅವನು ಹಾಕುತ್ತಿರಲಿಲ್ಲ. ಓಡುವ ಕುದುರೆಗೆ ಯಾಕೆ ಲಾಳ ಬದಲಾಯಿಸಬೇಕು ಎಂಬುದು ಅವನ ವಾದ. ಕಲ್ಲು ಕೊರೆಯುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ. ಊಟದ ಮೇಜಿನಿಂದಲೇ ಮೊಬೈಲಿನಲ್ಲಿ ಅದನ್ನು ನೋಡುತ್ತಿರಲೆಂದು, ಹೊರಗಿನಿಂದ ಇಂಟರ್ನೆಟ್ ಮೂಲಕ ಕಂಪ್ಯೂಟರಿನೊಳಕ್ಕೆ ಬರಲು ಒಂದು ದಾರಿಯನ್ನೂ ತೆರೆದಿಟ್ಟುಕೊಂಡಿದ್ದ. ಆಮೇಲೆ ಅದನ್ನು ಮುಚ್ಚಿದ ನೆನಪು ಅವನಿಗೂ ಇಲ್ಲ.

ಹಿಂದಿನ ಕೋಣೆ ಅವನ ಹೆಂಡತಿಯದು, ಅಂದರೆ ನನ್ನ ನಾದಿನಿಯದು. ಅವಳು ದರ್ಜಿ. ಅಂಗಡಿಯಲ್ಲಿ ತೂಗುಹಾಕಿದ ಬಟ್ಟೆ ಯಾರ ಮೈಗೆ ಹೊಂದುವುದಿಲ್ಲವೋ ಅವರಿಗೆ ಹೊಲಿಯುವವಳು. ಬೆನ್ನು ಗೂನಾದವರು, ಒಂದು ತೋಳಿಲ್ಲದವರು, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರು ಅವಳ ಗಿರಾಕಿಗಳು. ಒಂದೊಂದು ಮೈಗೂ ಒಂದೊಂದು ಕತ್ತರಿ ನಕ್ಷೆ ಬೇಕು. ಗಿರಾಕಿ ಕೂತಾಗ, ನಿಂತಾಗ, ಕೈ ಎತ್ತಿದಾಗ ಅಳತೆ ತೆಗೆದು, ಕಂಪ್ಯೂಟರಿನಲ್ಲಿ ನಕ್ಷೆ ಬರೆದು, ಹಾಳೆಗೆ ಇಳಿಸಿ, ಬಟ್ಟೆ ಕತ್ತರಿಸುತ್ತಾಳೆ. ಆಮೇಲೆ ಆ ಹಾಳೆ ಚಿಂದಿ. ನಕ್ಷೆ ಮಾತ್ರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಇಷ್ಟು ವರ್ಷದ ಅವಳ ದುಡಿಮೆಯೆಲ್ಲ ಅದರೊಳಗೆ. ಮುದುಕರೊಬ್ಬರಿಗೆ ಬೆನ್ನು ಇನ್ನಷ್ಟು ಬಾಗಿದರೆ ಹಳೆಯ ನಕ್ಷೆ ತೆಗೆದು ಅಷ್ಟೇ ಬಾಗಿಸುತ್ತಾಳೆ.

ಅವಳದು ಎಲ್ಲರಲ್ಲಿರುವಂಥ ಕಂಪ್ಯೂಟರ್. ಅದು ಗೊಣಗುವ ಯಂತ್ರ. ಈ ಫೈಲ್ ನಂಬಬಹುದೆ ಎಂದು ಕೇಳುತ್ತದೆ, ಆ ಪೆನ್‌ಡ್ರೈವ್ ತಪಾಸಣೆ ಮಾಡಲೇ ಎಂದು ಕೇಳುತ್ತದೆ, ಅಪ್ಡೇಟ್ ಹಾಕುತ್ತೇನೆ ಕಾಯಿ ಎನ್ನುತ್ತದೆ. ನಾದಿನಿ ಕಾಯುತ್ತಾಳೆ. ಕಾಯುವುದಷ್ಟೇ ಅಲ್ಲ, ಅದರ ಗೊಣಗಾಟಕ್ಕೆ ಹೆದರಿ, ಶನಿವಾರ ಬಂತೆಂದರೆ ನಕ್ಷೆಗಳನ್ನೆಲ್ಲ ಒಂದು ಪುಟ್ಟ ಡಿಸ್ಕಿಗೆ ನಕಲು ಮಾಡಿ, ವೈರು ಬಿಚ್ಚಿ, ಗುಂಡಿಗಳ ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು.

"ಏನೇ, ನಿನ್ನ ಗಾಡಿಗೆ ಮಾತ್ರೆ ಕೊಟ್ಟಾಯ್ತಾ?" ಎಂದು ವಜ್ರಕಾಯ ಕೂಗುತ್ತಿದ್ದ. ಕಂಪ್ಯೂಟರಿಗೆ ಅವನಿಟ್ಟ ಹೆಸರು ಗಾಡಿ.

"ಕೊಟ್ಟೆ ರೀ. ನಿಮಗೂ ಒಂದು ಕೊಡ್ಲಾ? ಬಾಯಿ ಮುಚ್ಚೋಕೆ."

ಹೀಗೆ ನಗುನಗುತ್ತಲೇ ಅವನು ಎರಡು ಕೆಲಸ ಮಾಡಿಸಿದ. ಇಬ್ಬರೂ ಫೈಲುಗಳನ್ನು ಇಡಲು ಮನೆಯಲ್ಲಿ ಒಂದು ಜಂಟಿ ಡಿಸ್ಕ್ ಇತ್ತು. ಎರಡೂ ಕಂಪ್ಯೂಟರಿನಿಂದ ತೆರೆಯಬಹುದಾದ ಕಪಾಟು ಎನ್ನೋಣ. ಅವನು ಅದರಲ್ಲಿಟ್ಟದ್ದನ್ನೂ ಅವಳ ಯಂತ್ರ ತಪಾಸಣೆ ಮಾಡುತ್ತಿತ್ತು, ಅದರಿಂದ ತೆರೆಯುವುದು ತಡವಾಗುತ್ತಿತ್ತು. "ನನ್ನ ಕಪಾಟಿಗೂ ಪೊಲೀಸಾ? ಅವಮಾನ ಕಣೇ ಇದು!" ಎಂದು ಆ ಒಂದು ಜಾಗವನ್ನು ತಪಾಸಣೆಯಿಂದ ತೆಗೆಸಿಬಿಟ್ಟ. ಇನ್ನೊಂದು, ಆ ತಗಡಿನ ಡಬ್ಬಿ. ಕಳೆದ ಚಳಿಗಾಲ ಒಂದು ಶನಿವಾರ, ಗಿರಾಕಿಗಳ ಎದುರಿಗೇ, ಡಬ್ಬಿಯನ್ನು ಅಲ್ಲಾಡಿಸಿ "ನಮ್ಮ ಮನೆ ಬ್ಯಾಂಕು ನೋಡಿ, ಗುಂಡಿ ಜೊತೆ ಭಯಾನೂ ಠೇವಣಿ ಇಟ್ಟಿದ್ದಾಳೆ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು.

ಬೇಸಿಗೆ ಕಳೆದ ಹಾಗೆ ಅವನ ಕಂಪ್ಯೂಟರಿನ ಫ್ಯಾನು ಜೋರಾಗಿ ಗುಂಯ್‌ಗುಡತೊಡಗಿತು. ಯಂತ್ರ ಕೊರೆಯದಿದ್ದಾಗಲೂ ಗುಂಯ್. ಪೆಟ್ಟಿಗೆಯ ಮೇಲ್ಭಾಗ ಎಷ್ಟು ಬೆಚ್ಚಗಿರುತ್ತಿತ್ತೆಂದರೆ ಪಕ್ಕದ ಮನೆಯ ಬೆಕ್ಕು ತನ್ನ ಬಿಡಾರವನ್ನು ಅಲ್ಲಿಗೇ ವರ್ಗಾಯಿಸಿಕೊಂಡಿತು. "ನೋಡು ಅಕ್ಕ, ಹೇಗೆ ದುಡಿಯತ್ತೆ ನನ್ನ ಗಾಡಿ," ಎಂದು ಇವನು ಅದರ ಬೆನ್ನು ತಟ್ಟಿದ. ಬೆಕ್ಕು ತನ್ನನ್ನೇ ಹೊಗಳಿದ್ದೆಂದು ಕಣ್ಣು ಮುಚ್ಚಿತು.

ಹೀಗಿರುವಾಗ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಗೆದ್ದವರ ಹೆಸರುಗಳನ್ನು ಪೆನ್‌ಡ್ರೈವಿನಲ್ಲಿ ತಂದ. "ಅದರಲ್ಲಿ ಹುಡುಗರ ಆಟಗೀಟ ಏನೇನೋ ಇದೆ, ಸ್ವಲ್ಪ ನೋಡ್ಕೊಳ್ಳಿ ಸಾರ್," ಎಂದ.

"ಏನಾದ್ರೂ ಇರ್ಲಿ ಬಿಡಿ. ಫಲಕ ಓದಲಿಲ್ವಾ?" ಎಂದು ವಜ್ರಕಾಯ ಗೋಡೆ ತೋರಿಸಿ, ಇದ್ದದ್ದನ್ನೆಲ್ಲ ಒಟ್ಟಿಗೆ ಜಂಟಿ ಕಪಾಟಿಗೆ ಸುರಿದ.

ಸಂಜೆ ಹೆಸರು ಒಪ್ಪಿಸುವ ಹೊತ್ತಿಗೆ ನಾನು ನಾದಿನಿಯ ಕೋಣೆಯಲ್ಲಿ ರವಿಕೆಗೆ ಕೊಕ್ಕೆ ಹಾಕಿಸಿಕೊಳ್ಳಲು ಕೂತಿದ್ದೆ.

"ರೀ, ಕಪಾಟಲ್ಲಿ 'ಬಹುಮಾನ' ಅಂತ ಎರಡು ಫೋಲ್ಡರ್ ಕಾಣಿಸ್ತಿದೆ. ಯಾವುದು ತೆಗೀಲಿ?"

"ಒಂದರಲ್ಲಿ ಹೆಸರಿದೆ. ಇನ್ನೊಂದು ನನ್ನಲ್ಲಿ ತೆರೆಯೋದೇ ಇಲ್ಲ ಅನ್ನತ್ತೆ. ಅದರಲ್ಲೂ ಹೆಸರಿದ್ರೆ ಕಷ್ಟ. ನಿನ್ನಲ್ಲಿ ತೆಗೆದು ನೋಡು."

ಅವಳು ತೆಗೆದಳು. ಏನೂ ಕಾಣಲಿಲ್ಲ. "ಖಾಲಿ ಇದೆ" ಎಂದು, ಮೊದಲನೆಯದನ್ನು ತೆರೆದು, ಕೊನೆಯಿಂದ ಓದತೊಡಗಿದಳು. ಒಂದೊಂದೇ ಅಕ್ಷರ ಈಚೆಯಿಂದ ಆಚೆಗೆ ಹೋಗಿ ಪ್ರತಿಧ್ವನಿಯಾಗಿ ಬರುತ್ತಿತ್ತು. ಗೋಲ್‌ಕೀಪರನ ಹೆಸರಿನ ನಡುವೆ ಅವಳು ನಿಂತುಬಿಟ್ಟಳು.

"ಯಾಕೆ ನಿಲ್ಲಿಸ್ದೆ?"

"ನನ್ನ ನಕ್ಷೆಗಳು ಹೋಗ್ತಿವೆ."

"ಎಲ್ಲಿಗೆ?"

ಪರದೆಯ ಮೇಲೆ ಒಂದೊಂದೇ ನಕ್ಷೆಯ ಹೆಸರು ಅಳಿದು, ಅದರ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಕಂತೆ ಬರುತ್ತಿತ್ತು. ಯಾರೋ ಮನೆಯೊಳಗೆ ನಡೆಯುತ್ತ ಒಂದೊಂದು ಕಪಾಟಿಗೂ ತಮ್ಮ ಬೀಗ ಹಾಕಿಕೊಂಡು ಹೋದಂತೆ. ಅವಳು ಎದ್ದು ಗೋಡೆಯಿಂದ ವೈರು ಕಿತ್ತಳು. ಪರದೆ ಕಪ್ಪಾಯಿತು. ನನ್ನ ರವಿಕೆ ಅವಳ ತೊಡೆಯಿಂದ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

ಬಾಗಿಲಲ್ಲಿ ಬಂದು ನಿಂತ ವಜ್ರಕಾಯನ ಮೊದಲ ಮಾತು ಹೀಗಿತ್ತು: "ನಾನು ಹೇಳ್ತಾನೇ ಇದ್ದೆ, ನನ್ನಂಥ ಗಾಡಿ ತಗೋ ಅಂತ."

"ಲೋ," ಎಂದೆ ನಾನು. "ಆಚೆ ಹೋಗು."

ಮರುದಿನ ಕಂಪ್ಯೂಟರ್ ರಿಪೇರಿಯವಳು ಬಂದಳು. ಮಾತು ಕಡಿಮೆ, ಚೀಲ ದೊಡ್ಡದು. ನಾದಿನಿಯ ಯಂತ್ರವನ್ನು ಬೇರೊಂದು ಡಿಸ್ಕಿನಿಂದ ಎಬ್ಬಿಸಿ ನೋಡಿ, ಈಚಿನವೆಲ್ಲ ಸೇರಿ ಮುಕ್ಕಾಲು ಪಾಲು ನಕ್ಷೆಗಳಿಗೆ ಬೀಗ ಬಿದ್ದಿದೆ, ಬೀಗದ ಕೈ ಬೀಗ ಹಾಕಿದವನ ಹತ್ತಿರವಷ್ಟೇ ಇರುತ್ತದೆ, ಅವನಿಗೆ ದುಡ್ಡು ಕೊಟ್ಟರೂ ಕೊಡುತ್ತಾನೆಂಬ ಖಾತ್ರಿಯಿಲ್ಲ ಎಂದಳು. ನಾದಿನಿ ತಲೆಯಾಡಿಸಿದಳು. ಸತ್ತ ಸುದ್ದಿ ಕೇಳುವವರು ಆಡಿಸುವ ಹಾಗೆ.

"ಅದೇ ನೋಡಿ," ಎಂದ ವಜ್ರಕಾಯ, "ಇಂಥ ಗಾಡಿಗಳ ಹಣೆಬರಹವೇ ಇಷ್ಟು."

"ಸಾರ್, ಇದು ಎಲ್ಲಿಂದ ಬಂತು ಹೇಳ್ಲಾ? ನಿಮ್ಮ ಕಪಾಟಿಂದ. ಫೋಲ್ಡರ್ ವೇಷ ಹಾಕ್ಕೊಂಡಿರೋ ಪ್ರೋಗ್ರಾಂ. ಮೇಡಂ ಗಾಡಿಗೆ ಅಂತಾನೇ ಮಾಡಿದ್ದು, ನಿಮ್ಮದರಲ್ಲಿ ಓಡಲ್ಲ."

"ಅದೇ ನಾನು ಹೇಳಿದ್ದು. ನನ್ನದರಲ್ಲಿ ಓಡಲ್ಲ!"

"ಓಡಲ್ಲ ಅಂತ ಗೊತ್ತಾಗಿ ಏನು ಮಾಡಿದ್ರಿ?"

"ಅವಳಿಗೆ ತೆರೆಯೋಕೆ..." ಎಂದು ಶುರುಮಾಡಿ, ವಾಕ್ಯವನ್ನು ಅಲ್ಲೇ ಬಿಟ್ಟ. ಜೀವಮಾನದಲ್ಲಿ ಅವನು ಅರ್ಧಕ್ಕೆ ನಿಲ್ಲಿಸಿದ ಮೊದಲ ವಾಕ್ಯ ಅದೇ ಇರಬೇಕು.

ರಿಪೇರಿಯವಳು ಮುಂದಿನ ಕೋಣೆಗೆ ಬಂದು ಬೆಕ್ಕನ್ನು ಎತ್ತಿ ಕೆಳಗಿಟ್ಟಳು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದಳು.

"ಏನು ಸಾರ್ ಇಷ್ಟು ಬಿಸಿ? ಏನು ಕೊರೀತಿದೆ?"

"ಈಗ ಏನೂ ಇಲ್ಲ. ಅದು ಹಾಗೇ, ದುಡಿಯೋ ಗಾಡಿ."

"ಕೆಲಸ ಇಲ್ದಾಗ ಯಾರಿಗೆ ದುಡಿಯತ್ತೆ?"

ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳು ಕೀಲಿಮಣೆಯ ಮೇಲೆ ಒಂದಿಷ್ಟು ಹೊತ್ತು ಏನೇನೋ ಒತ್ತಿ, ಕುರ್ಚಿ ಹಿಂದಕ್ಕೆ ಸರಿಸಿದಳು. "ಇಲ್ಲಿ ನಿಮ್ಮ ಜೊತೆ ಇನ್ಯಾರೋ ಇದ್ದಾರೆ ಸಾರ್. ಪೆನ್‌ಡ್ರೈವಿಗೂ ಇದಕ್ಕೂ ಸಂಬಂಧ ಇಲ್ಲ, ಇವರು ಬೇಸಿಗೆಯಿಂದ ಇದ್ದಾರೆ. ಮೊಬೈಲಲ್ಲಿ ನೋಡೋಕೆ ತೆರೆದಿಟ್ಟಿದ್ರಲ್ಲ, ಆ ದಾರೀಲಿ ಬಂದು, ಕ್ರಿಪ್ಟೊ ಅಂತಾರಲ್ಲ, ಆ ಇಂಟರ್ನೆಟ್ ನಾಣ್ಯ ಹುಟ್ಟಿಸೋ ಲೆಕ್ಕ ಮಾಡಿಸ್ತಿದ್ದಾರೆ. ಕರೆಂಟು ನಿಮ್ಮದು, ನಾಣ್ಯ ಅವರದು."

"ನಮ್ಮ ಸಂದಿಗೆ ಯಾರಮ್ಮ ಬರ್ತಾರೆ?"

"ಈಗಿನ ಕಳ್ಳ ಬೀದಿ ಆರಿಸ್ಕೊಂಡು ನಡೆಯಲ್ಲ. ಲೋಕದ ಬಾಗಿಲುಗಳನ್ನೆಲ್ಲ ತಳ್ಳಿ ನೋಡೋಕೆ ಯಂತ್ರ ಇಟ್ಟಿದ್ದಾನೆ. ನಿಮ್ಮ ಗಾಡಿ ಜಾತಿಗೇ ಅಂತ ಮಾಡಿದ ಪ್ರೋಗ್ರಾಮೂ ಅವನ ಹತ್ರ ಇದೆ. ಕಡಿಮೆ ಇರಬಹುದು, ಇಲ್ಲ ಅಂತಲ್ಲ. ಪಾಸ್‌ವರ್ಡ್ ಏನಿಟ್ಟಿದ್ರಿ?"

ವಜ್ರಕಾಯ ಛಾವಣಿ ನೋಡಿದ.

"ಒಂದರಿಂದ ಎಂಟು, ಸಾಲಾಗಿ," ಎಂದಳು ನಾದಿನಿ ಒಳಗಿನಿಂದ.

"ನಿಂಗೆ ಹೇಗೆ ಗೊತ್ತು?"

ಕೆತ್ತುವವರಿಗೆ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡೇ ಕೈ ಓಡಿಸುವ ಅಭ್ಯಾಸ. ದಿನಾ ಬೆಳಗ್ಗೆ ಕೆಳಗಿನಿಂದ "ಒಂದು, ಎರಡು, ಮೂರು, ನಾಲ್ಕು" ಎಂದು ಕೇಳಿಸುತ್ತಿದ್ದುದನ್ನು ನಾನು ಇಷ್ಟು ದಿನ ವ್ಯಾಯಾಮ ಎಂದುಕೊಂಡಿದ್ದೆ. ಎಂಟಕ್ಕೇ ಸುಸ್ತಾಗುತ್ತಾನಲ್ಲ ಎಂದು ಮರುಗಿದ್ದೂ ಉಂಟು.

"ಇಷ್ಟು ತಿಂಗಳು ಇದ್ದು ಬಾಡಿಗೇನೂ ಕೊಡ್ಲಿಲ್ಲ ಬಡ್ಡೀಮಗ," ಎಂದು ನಗಲು ನೋಡಿದ. ಯಾರೂ ನಗದ್ದರಿಂದ ಅವನೂ ನಿಲ್ಲಿಸಿದ.

ನಾದಿನಿ ಅಷ್ಟರಲ್ಲಿ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ತಗಡಿನ ಡಬ್ಬಿ ಇಳಿಸಿದ್ದಳು. ಗುಂಡಿಗಳ ನಡುವೆ ಡಿಸ್ಕ್ ಹಾಗೇ ಇತ್ತು. ರಿಪೇರಿಯವಳು ಅದನ್ನು ತನ್ನದೇ ಯಂತ್ರಕ್ಕೆ ಚುಚ್ಚಿ ತೆರೆದಳು. ನಕ್ಷೆಗಳು ಒಂದೊಂದಾಗಿ ಕಾಣಿಸಿದವು: ಗಡಿಯಾರದಂಗಡಿಯ ಗೂನುಬೆನ್ನಿನ ಮುದುಕರು, ಒಂಟಿ ತೋಳಿನ ಲೆಕ್ಕಿಗರು, ಗಾಲಿಕುರ್ಚಿಯ ಸಂಗೀತದ ಮೇಷ್ಟ್ರು. ನಾದಿನಿ ಪರದೆಯ ಮೇಲೆ ಬೆರಳಿಟ್ಟು, ಅಭ್ಯಾಸಬಲದಿಂದ ಕೊನೆಯಿಂದ ಓದುತ್ತ ಬಂದಳು. ಸಾಲಿನ ಕೊನೆಯ ನಕ್ಷೆಯೇ ಚಳಿಗಾಲದ್ದಾಗಿತ್ತು.

"ಆಮೇಲಿನದು?" ಎಂದು ವಜ್ರಕಾಯ ಕೇಳಿದ.

"ಇಲ್ಲ."

"ಯಾಕಿಲ್ಲ? ಪ್ರತಿ ಶನಿವಾರ ಇಡ್ತಿದ್ದೆಯಲ್ಲೇ?"

"ಇಡ್ತಿದ್ದೆ. ನೀವು ಎಲ್ಲರ ಮುಂದೆ ಡಬ್ಬಿ ಅಲ್ಲಾಡಿಸಿದ್ರಲ್ಲ, ಅವತ್ತಿಂದ ಬಿಟ್ಟೆ."

ಅವಳು ಇದನ್ನು ಬಯ್ಯುವ ದನಿಯಲ್ಲಿ ಹೇಳಲಿಲ್ಲ. ಬಟ್ಟೆ ಎಷ್ಟು ಕಡಿಮೆ ಬಿತ್ತು ಎಂದು ಹೇಳುವ ದನಿಯಲ್ಲಿ ಹೇಳಿದಳು. ವಜ್ರಕಾಯನಿಗೆ ಆ ದಿನ ಮೊದಲ ಬಾರಿಗೆ ಏನೋ ತಗುಲಿತು. ತುಟಿ ಒಣಗಿ, ಕಿವಿ ಕೆಂಪಾಗಿ, ನೆಗಡಿ ಬಂದವನ ಹಾಗೆ ಕಾಣುತ್ತಿದ್ದ.

ಚಳಿಗಾಲದಿಂದೀಚೆಗಿನ ಗಿರಾಕಿಗಳನ್ನು ಮತ್ತೆ ಕರೆಸಿ ಅಳತೆ ತೆಗೆಯಬೇಕಿತ್ತು. ಅಂಥವರಿಗೆ ಅಳತೆ ಕೊಡುವುದು ಸುಲಭದ ಕೆಲಸವಲ್ಲ. ಒಮ್ಮೆ ಮೈ ತೋರಿಸಿ ಮುಗಿಸಿದ ಮುಜುಗರವನ್ನು ಇನ್ನೊಮ್ಮೆ ಅನುಭವಿಸಬೇಕು. ಅವರು ಬರಲೊಪ್ಪುತ್ತಾರೋ ಇಲ್ಲವೋ ಎಂಬುದೇ ನಾದಿನಿಯ ಭಯ.

"ನಾನು ಅಳತೆ ತಗೋತೀನಿ," ಎಂದಳು ಗಂಡನಿಗೆ. "ಕರ್ಕೊಂಡು ಬರೋದು ನಿಮ್ಮ ಕೆಲಸ. ಫೋನಲ್ಲಿ ಆಗಲ್ಲ. ಹೋಗಿ, ಕಾರಣಾನೂ ನೀವೇ ಹೇಳಿ."

ಮೊದಲನೆಯವಳು ಬಸ್ಸು ಓಡಿಸುವ ಹೆಂಗಸು. ಅಪಘಾತದಲ್ಲಿ ಮುರಿದ ಅವಳ ಭುಜ ಎತ್ತರದಲ್ಲೇ ಕೂಡಿಕೊಂಡಿತ್ತು. ಕಂಪನಿ ಕೊಟ್ಟ ಕೋಟು ಹಾಕಿದರೆ ಕೈ ಸ್ಟೇರಿಂಗಿಗೆ ಎಟಕುತ್ತಿರಲಿಲ್ಲ. ಬಸ್ಸು ಓಡುವಾಗ ಚಾಲಕರ ಜೊತೆ ಮಾತಾಡಬಾರದೆಂದು ಒಳಗೆ ಬರೆದಿರುತ್ತದೆ. ಆ ಬರಹವನ್ನು ಕೊರೆದವನೇ ನಮ್ಮ ವಜ್ರಕಾಯ. ಹೀಗಾಗಿ ಟಿಕೆಟ್ ಕೊಂಡು, ಅವಳ ಹಿಂದಿನ ಸೀಟಿನಲ್ಲಿ ಕೂತು, ತನ್ನದೇ ಫಲಕವನ್ನು ಓದಿಕೊಳ್ಳುತ್ತ ಕೊನೆಯ ನಿಲ್ದಾಣದವರೆಗೆ ಹೋದ. ನಡೆದದ್ದನ್ನು ಅವಳೇ ಆಮೇಲೆ ನಮಗೆ ಹೇಳಿದಳು.

"ಮತ್ತೆ ಅಳತೆನಾ? ಯಾಕೆ?" ಎಂದು ಅವಳು ಕೇಳಿದ್ದಕ್ಕೆ ಕಂಪ್ಯೂಟರಿಗೆ ವೈರಸ್ ಬಂತು ಎಂದ.

"ನಿಮ್ಮಲ್ಲಿ ಬರಲ್ಲ ಅಂತ ಗೋಡೆ ಮೇಲೆ ಕೆತ್ತಿದ್ದೀರಲ್ಲ?"

"ನನ್ನ ಗಾಡಿಗೆ ಬಂದಿಲ್ಲ," ಎಂದನಂತೆ. ಆಮೇಲೆ ಬೂಟಿನ ತುದಿ ನೋಡುತ್ತ, "ನನ್ನ ಗಾಡಿಯಿಂದ ಬಂತು. ಅವಳು ಡಬ್ಬೀಲಿ ನಕಲು ಇಡ್ತಿದ್ಲು, ಅದನ್ನ ನಿಲ್ಲಿಸಿದ್ದೂ ನಾನೇ," ಎಂದ.

ಬಸ್ಸಿನವಳು ನಕ್ಕುಬಿಟ್ಟಳು. "ನನ್ನ ಬಸ್ಸಿಗೂ ಕೆಮ್ಮು ಬರಲ್ಲ ಸಾರ್. ಹತ್ತಿದವರಿಗೆಲ್ಲ ಬರತ್ತೆ. ಭಾನುವಾರ ಬರ್ತೀನಿ ಅಂತ ಹೇಳಿ. ಕೋಟು ಮಾತ್ರ ಚಳಿಗೆ ಮುಂಚೆ ಬೇಕು."

ಅವನು ಉಳಿದವರ ಮನೆಗಳಿಗೂ ಹೋದ, ಪ್ರತಿ ಮನೆಯಲ್ಲೂ ಅದೇ ಮಾತು ಒಪ್ಪಿಸಿದ. ಕೊನೆಕೊನೆಗೆ ಚೆನ್ನಾಗಿ ಬಾಯಿಪಾಠವಾಗಿತ್ತು. ಒಬ್ಬ ಹೆಂಗಸು ಬರುವುದಿಲ್ಲ ಎಂದಳು. ಎರಡನೆಯ ಸಲ ತನ್ನ ಕಾಲನ್ನು ಯಾರಿಗೂ ತೋರಿಸುವುದಿಲ್ಲವಂತೆ. ಅವಳಿಗೆ ನಾದಿನಿ ನೆನಪಿನಿಂದಲೇ ನಕ್ಷೆ ಬರೆದಳು, ಸರಿಯಾಗಿ ಬರಲಿಲ್ಲ, ಬಿಚ್ಚಿ ಮತ್ತೆ ಹೊಲಿದಳು. ಉಳಿದವರೆಲ್ಲ ಬಂದರು. ಬಸ್ಸಿನವಳ ಕೋಟು ಚಳಿಗೆ ಮುಂಚೆ ಸಿದ್ಧವಾಯಿತು.

ರಿಪೇರಿಯವಳು ಎರಡೂ ಕಂಪ್ಯೂಟರುಗಳನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಿ, ತೆರೆದ ದಾರಿ ಮುಚ್ಚಿ, ಪಾಸ್‌ವರ್ಡ್ ಬದಲಾಯಿಸಿ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಬಾರದೆಂದು ಆಣೆ ಹಾಕಿಸಿ ಹೋದಳು. ಈಗ ಅವನು ಬೆಳಗ್ಗೆ ತುಟಿ ಬಿಗಿದು ಟೈಪ್ ಮಾಡುತ್ತಾನೆ. ಮುಖ ಹಲ್ಲುನೋವು ಬಂದವನಂತಿರುತ್ತದೆ. ಫ್ಯಾನು ಸದ್ದು ಮಾಡುವುದಿಲ್ಲ. ಪೆಟ್ಟಿಗೆ ತಣ್ಣಗಿದೆಯೆಂದು ಬೆಕ್ಕು ತನ್ನ ಮನೆಗೆ ಹಿಂತಿರುಗಿತು. ತಗಡಿನ ಡಬ್ಬಿ ಕೆಳಗಿಳಿದಿದೆ. ಶನಿವಾರ ಅವನೇ ಅದನ್ನು ತಂದು, ಅಲ್ಲಾಡಿಸದೆ, ಹೆಂಡತಿಯ ಮೇಜಿನ ಮೇಲೆ ಇಡುತ್ತಾನೆ.

ಉಳಿದದ್ದು ಗೋಡೆಯ ಫಲಕ. ಒಳ್ಳೆಯ ಹಿತ್ತಾಳೆಯನ್ನು ಕೆತ್ತನೆಗಾರ ಎಸೆಯುವುದಿಲ್ಲ, ಮಗುಚಿ ಹಿಂಬದಿಗೆ ಕೊರೆಯುತ್ತಾನೆ. ಏನು ಕೊರೆಯಬೇಕೆಂದು ನಾದಿನಿ ಹೇಳಿದಳು. ಕೊರೆಯುವ ಮೊದಲು ಕೊನೆಯಿಂದ ಓದಿ ಒಪ್ಪಿಸಿಕೊಂಡಳು.

ಮುಂದಿನ ಪಂದ್ಯಾವಳಿಗೆ ಕ್ಲಬ್ಬಿನ ಕಾರ್ಯದರ್ಶಿ ಮತ್ತೆ ಬಂದ. ಪೆನ್‌ಡ್ರೈವ್ ಚಾಚಿದ ಕೈ ಹಾಗೇ ನಿಂತಿತು. ಗೋಡೆಯ ಮೇಲೆ ಬಳ್ಳಿಯಿಲ್ಲದೆ ಬರಿಯ ಅಕ್ಷರಗಳಿದ್ದವು: ಪೆನ್‌ಡ್ರೈವ್ ಮೊದಲು ಹಿಂದಿನ ಕೋಣೆಗೆ ಕೊಡಿ.

"ಮೇಡಂ ಗಾಡಿಗೆ ಮೂಗಿದೆ. ಅದು ಮೂಸಿ ನೋಡಿದ ಮೇಲೇ ನಾನು ಮುಟ್ಟೋದು," ಎಂದ ವಜ್ರಕಾಯ.

"ಅಲ್ಲ ಸಾರ್, ಇಲ್ಲಿ ವೈರಸ್ ಬರಲ್ಲ ಅಂತ ಇತ್ತಲ್ಲ, ಅದೇನಾಯ್ತು? ಅಳಿಸಿಬಿಟ್ರಾ?"

"ಕೊರೆದದ್ದು ಅಳಿಸೋಕೆ ಬರತ್ತೇನ್ರೀ?" ಎಂದ ನನ್ನ ತಮ್ಮ. "ಅಲ್ಲೇ ಇದೆ. ಗೋಡೆ ಓದ್ಕೊಳ್ಳಲಿ ಅಂತ ಆ ಕಡೆ ತಿರುಗಿಸಿದ್ದೀನಿ."